ಬ್ಯಾಂಕ್ ಖಾತೆಯಲ್ಲಿ ವಂಚನೆ: ಹಣದ ರಕ್ಷಣೆ ಮತ್ತು ಖಾತೆದಾರನ ಹಕ್ಕು

ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ಮನೆ ಬಾಗಿಲಿಗೆ ಬಂದು ಕೆಲವೇ ಆಣೆಗಳ ಉಳಿತಾಯವನ್ನೂ ಸ್ವೀಕರಿಸುತ್ತಿದ್ದನು. ಕೊಟ್ಟ ಹಣ ಪುಸ್ತಕದಲ್ಲಿ ಸರಿಯಾಗಿ ಜಮೆಯಾಗಿದೆಯೇ ಎಂದು ನೋಡಿಕೊಳ್ಳುವುದು ಠೇವಣಿದಾರನ ಕೆಲಸವಾಗಿತ್ತು. ಇಂದು ಆ ಪುಸ್ತಕದ ಸ್ಥಾನವನ್ನು ಮೊಬೈಲ್ ಫೋನಿಗೆ ಬರುವ ಎಸ್.ಎಂ.ಎಸ್. ಸಂದೇಶವು ಪಡೆದಿದೆ. 2016ರಲ್ಲಿ ಯು.ಪಿ.ಐ. ವ್ಯವಸ್ಥೆ ಬಂದ ಮೇಲೆ ಹಣ ಕಳುಹಿಸುವುದು ಕ್ಷಣಮಾತ್ರದ ಕೆಲಸವಾಗಿದೆ. ಅಷ್ಟೇ ವೇಗವಾಗಿ ಹಣವನ್ನು ಲಪಟಾಯಿಸುವುದೂ ಸಾಧ್ಯವಾಗಿದೆ.

ಆದ್ದರಿಂದ ಖಾತೆದಾರನ ಕರ್ತವ್ಯ ಎರಡು ಬಗೆಯದು. ವಂಚನೆಗೆ ಮುನ್ನ ಗುಟ್ಟನ್ನು ಕಾಪಾಡಿಕೊಳ್ಳುವುದು ಮೊದಲನೆಯದು. ವಂಚನೆ ನಡೆದರೆ ತಡಮಾಡದೆ ದೂರು ನೀಡುವುದು ಎರಡನೆಯದು. ಮೊದಲನೆಯದರ ಬಗ್ಗೆ ಸಾಕಷ್ಟು ಪ್ರಚಾರ ನಡೆದಿದೆ. ಎರಡನೆಯದರ ಮಹತ್ವ ಇನ್ನೂ ಅನೇಕರಿಗೆ ಮನವರಿಕೆಯಾಗಿಲ್ಲ. ಕಳೆದುಹೋದ ಹಣ ಮರಳಿ ದೊರೆಯುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ದೂರು ನೀಡಿದ ಸಮಯವನ್ನೇ ಅವಲಂಬಿಸಿರುತ್ತದೆ.

ವಂಚನೆ ನಡೆಯುವ ಬಗೆ

ವಂಚಕರ ಮಾತುಗಳು ದಿನದಿನಕ್ಕೂ ಬದಲಾದರೂ ಅವುಗಳ ತಿರುಳು ಒಂದೇ. ಭಯ, ಆಸೆ ಅಥವಾ ಅವಸರವನ್ನು ಹುಟ್ಟಿಸಿ, ವಿಚಾರ ಮಾಡಲು ಬಿಡುವು ಕೊಡದಿರುವುದೇ ಅವರ ಉಪಾಯ.

ಖಾತೆಯ ಕೆ.ವೈ.ಸಿ. ವಿವರ ಇಂದೇ ನೀಡದಿದ್ದರೆ ಖಾತೆ ಸ್ಥಗಿತವಾಗುವುದೆಂದು ಹೆದರಿಸಿ ಕಾರ್ಡಿನ ಸಂಖ್ಯೆಯನ್ನೂ ಒ.ಟಿ.ಪಿ.ಯನ್ನೂ ಕೇಳುವುದು ಒಂದು ಬಗೆ. ಹಳೆಯ ಪೀಠೋಪಕರಣವನ್ನು ಕೊಳ್ಳುವವನಂತೆ ನಟಿಸಿ, ಹಣ ಪಡೆಯಲು ಕ್ಯು.ಆರ್. ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ಹೇಳುವುದು ಇನ್ನೊಂದು ಬಗೆ. ಯು.ಪಿ.ಐ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ ಅಥವಾ ಶಿಲ್ಕು ನೋಡುವುದಕ್ಕೆ. ಹಣ ಪಡೆಯಲು ಪಿನ್ ಎಂದೂ ಬೇಕಾಗುವುದಿಲ್ಲ. ಮದುವೆಯ ಕರೆಯೋಲೆ ಅಥವಾ ಸಂಚಾರ ದಂಡದ ಚೀಟಿಯೆಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ಎ.ಪಿ.ಕೆ. ಕಡತವನ್ನು ತೆರೆದು ಸ್ಥಾಪಿಸಿಕೊಂಡರೆ, ಫೋನಿಗೆ ಬರುವ ಸಂದೇಶಗಳೆಲ್ಲವೂ ವಂಚಕನ ಕೈಗೆ ಸಿಗಬಹುದು.

ಪೊಲೀಸ್ ಅಥವಾ ಇತರ ತನಿಖಾ ಸಂಸ್ಥೆಯ ಅಧಿಕಾರಿಯಂತೆ ವೇಷ ಧರಿಸಿ, ವಿಡಿಯೊ ಕರೆಯಲ್ಲಿ ಗಂಟೆಗಟ್ಟಲೆ ಕೂರಿಸಿ ಹಣ ಕೀಳುವ ಕ್ರಮಕ್ಕೆ 'ಡಿಜಿಟಲ್ ಅರೆಸ್ಟ್' ಎಂಬ ಹೆಸರು ಬಂದಿದೆ. ಭಾರತದ ಯಾವ ಕಾನೂನಿನಲ್ಲಿಯೂ ಇಂತಹ ಬಂಧನವಿಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್' ಬಾನುಲಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ವಿಷಯವನ್ನು ವಿವರಿಸಿ, ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ ಎಂಬ ಮೂರು ಹೆಜ್ಜೆಗಳನ್ನು ಸೂಚಿಸಿದರು.

ಊರಿನಿಂದ ದೂರವಿರುವವರಿಗೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು ಹುಟ್ಟೂರಿನ ಶಾಖೆಯಲ್ಲಿ ಹಳೆಯ ಖಾತೆಯೊಂದನ್ನು ಉಳಿಸಿಕೊಂಡಿರುತ್ತಾರೆ. ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯು ಎಷ್ಟೋ ವರ್ಷಗಳ ಹಿಂದೆ ಬಿಟ್ಟುಕೊಟ್ಟದ್ದಾಗಿರಬಹುದು. ಬಳಕೆಯಲ್ಲಿಲ್ಲದ ಸಂಖ್ಯೆಯನ್ನು ದೂರವಾಣಿ ಕಂಪನಿಗಳು ಕಾಲಾನಂತರ ಬೇರೊಬ್ಬರಿಗೆ ನೀಡುತ್ತವೆ. ಆಗ ಖಾತೆಯ ಸಂದೇಶಗಳು ಅಪರಿಚಿತರಿಗೆ ಹೋಗುತ್ತವೆ; ಖಾತೆದಾರನಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಆದ್ದರಿಂದ ಊರಿಗೆ ಹೋದಾಗ ಶಾಖೆಗೆ ಭೇಟಿ ನೀಡಿ, ಈಗಿನ ಸಂಖ್ಯೆಯನ್ನೂ ವಿಳಾಸವನ್ನೂ ದಾಖಲಿಸುವುದು ಅತ್ಯವಶ್ಯ.

ಆಸ್ತಿ ನೋಂದಣಿಗೆ ಸಂಬಂಧಿಸಿದಂತೆಯೂ ಎಚ್ಚರ ಬೇಕು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲನ್ನು ಬಳಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದವು. ಈ ವ್ಯವಸ್ಥೆಯಲ್ಲಿ ಒ.ಟಿ.ಪಿ. ಬೇಕಿಲ್ಲ, ಬೆರಳಚ್ಚೇ ಸಾಕು. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್ ಮೂಲಕ ಬಯೊಮೆಟ್ರಿಕ್ ವಿವರಕ್ಕೆ ಬೀಗ ಹಾಕಿಟ್ಟು, ಅಗತ್ಯ ಬಿದ್ದಾಗ ಮಾತ್ರ ತೆರೆಯುವ ಸೌಲಭ್ಯವಿದೆ.

ಮತ್ತೊಂದು ಮಾತು. ಪರಊರಿನಲ್ಲಿ ಕನ್ನಡ ಕೇಳಿದೊಡನೆ ಮನಸ್ಸು ಹತ್ತಿರವಾಗುವುದು ಸಹಜ. ಆದರೆ ಕರೆ ಮಾಡಿದವನು ಕನ್ನಡದಲ್ಲಿ ಮಾತನಾಡಿದ ಮಾತ್ರಕ್ಕೆ, ಊರಿನ ಶಾಖೆಯ ಹೆಸರು ಹೇಳಿದ ಮಾತ್ರಕ್ಕೆ, ಅವನು ಬ್ಯಾಂಕಿನವನೆಂದು ನಂಬಲಾಗದು.

ಹಣ ಹೋದ ಕೂಡಲೇ ಮಾಡಬೇಕಾದುದು

ಮೊದಲು 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯಡಿ ಸೈಬರ್ ಹಣಕಾಸು ವಂಚನೆಯ ದೂರುಗಳಿಗಾಗಿ ಇರುವ ಸಹಾಯವಾಣಿ. ದೇಶದ ಯಾವ ಭಾಗದಿಂದಲೂ ಕರೆ ಮಾಡಬಹುದು. ಖಾತೆ ಅಥವಾ ಕಾರ್ಡಿನ ವಿವರ, ಹೋದ ಮೊತ್ತ, ದಿನಾಂಕ, ಸಮಯ ಮತ್ತು ವ್ಯವಹಾರದ ಉಲ್ಲೇಖ ಸಂಖ್ಯೆಯನ್ನು ತಿಳಿಸಬೇಕು. ಈ ವಿವರ ಹಣ ತಲುಪಿದ ಬ್ಯಾಂಕಿಗೆ ರವಾನೆಯಾಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಅದನ್ನು ತಡೆಹಿಡಿಯಲಾಗುತ್ತದೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸಿ ಕೊನೆಗೆ ನಗದಾಗಿ ತೆಗೆಯುತ್ತಾರೆ. ನಗದಾದ ಮೇಲೆ ತಡೆಹಿಡಿಯಲು ಏನೂ ಉಳಿಯುವುದಿಲ್ಲ. ಆದುದರಿಂದಲೇ ಮೊದಲ ಒಂದೆರಡು ಗಂಟೆಗಳು ಅಮೂಲ್ಯ. ಸೈಬರ್ ಅಪರಾಧ ವರದಿಗಾಗಿರುವ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ಜೊತೆಜೊತೆಗೇ ಬ್ಯಾಂಕಿಗೆ ತಿಳಿಸಿ ಕಾರ್ಡು, ಯು.ಪಿ.ಐ. ಹಾಗೂ ಅಂತರ್ಜಾಲ ಬ್ಯಾಂಕಿಂಗ್ ಸೌಲಭ್ಯವನ್ನು ಸ್ಥಗಿತಗೊಳಿಸಬೇಕು. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು 1930ಕ್ಕೂ ಇನ್ನೊಬ್ಬರು ಬ್ಯಾಂಕಿಗೂ ಕರೆ ಮಾಡುವುದು ಉತ್ತಮ. ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳಬೇಕೇ ಹೊರತು ಅಂತರ್ಜಾಲದಲ್ಲಿ ಹುಡುಕಬಾರದು. ಅಲ್ಲಿ ನಕಲಿ ಸಂಖ್ಯೆಗಳನ್ನು ವಂಚಕರೇ ಇರಿಸಿರುತ್ತಾರೆ. ದೂರಿನ ಸಂಖ್ಯೆ, ದಿನ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು. ಮುಂದೆ ಇದೇ ಮುಖ್ಯ ಸಾಕ್ಷ್ಯವಾಗುತ್ತದೆ.

ಖಾತೆ ಧಾರವಾಡದಲ್ಲಿದೆ, ವಾಸ ಮುಂಬಯಿಯಲ್ಲಿದೆ, ದೂರು ಎಲ್ಲಿ ನೀಡಬೇಕು ಎಂಬ ಗೊಂದಲಕ್ಕೆ ಕಾರಣವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ವಿಧಿಯ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಗಂಭೀರ ಅಪರಾಧದ ಮಾಹಿತಿಯನ್ನು ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಮಾಹಿತಿ ಕಳುಹಿಸಬಹುದು; ಆದರೆ 3 ದಿನಗಳೊಳಗೆ ಅದಕ್ಕೆ ಸಹಿ ಹಾಕಬೇಕು.

ನಷ್ಟ ಯಾರ ಪಾಲಿಗೆ?

ಖಾತೆದಾರನ ಅನುಮತಿಯಿಲ್ಲದೆ ನಡೆದ ವಿದ್ಯುನ್ಮಾನ ವ್ಯವಹಾರಗಳಲ್ಲಿ ನಷ್ಟವನ್ನು ಯಾರು ಹೊರಬೇಕೆಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ನಿಗದಿಪಡಿಸಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಇಂತಹುದೇ ಸೂಚನೆ ಹೊರಟಿತು. ಅದರ ಸಾರಾಂಶ ಹೀಗಿದೆ:

1. ಬ್ಯಾಂಕಿನ ಲೋಪ, ಅಲಕ್ಷ್ಯ ಅಥವಾ ಶಾಮೀಲಿನಿಂದ ವಂಚನೆಯಾದರೆ ಖಾತೆದಾರನಿಗೆ ಯಾವ ಹೊಣೆಯೂ ಇಲ್ಲ.

2. ಲೋಪವು ಬ್ಯಾಂಕಿನದೂ ಅಲ್ಲ, ಖಾತೆದಾರನದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದೆ ಎಂದಾದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಹೊಣೆಯಿಲ್ಲ.

3. ಅಂತಹ ಸಂದರ್ಭದಲ್ಲಿ 4ರಿಂದ 7 ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆಗೆ ಮಿತಿಯುಂಟು. ಪ್ರತಿ ವ್ಯವಹಾರಕ್ಕೆ ಮೂಲ ಉಳಿತಾಯ ಖಾತೆಯಲ್ಲಿ 5,000 ರೂಪಾಯಿ, ಇತರ ಉಳಿತಾಯ ಖಾತೆಯಲ್ಲಿ 10,000 ರೂಪಾಯಿ ಗರಿಷ್ಠ ಮಿತಿ. ಹೋದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಆ ಮೊತ್ತವಷ್ಟೇ. 7 ದಿನ ಮೀರಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ ತೀರ್ಮಾನವಾಗುತ್ತದೆ.

4. ಪಿನ್, ಒ.ಟಿ.ಪಿ. ಮೊದಲಾದವನ್ನು ಖಾತೆದಾರನೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.

ದಿನಗಳ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎರಡನೆಯ ಶನಿವಾರದ ಹಿಂದಿನ ದಿನವಾದ ಶುಕ್ರವಾರ ಒಬ್ಬನ ಉಳಿತಾಯ ಖಾತೆಯಿಂದ ಅವನ ತಪ್ಪಿಲ್ಲದೆ 60,000 ರೂಪಾಯಿ ಹೋಗಿ, ಅಂದೇ ಸಂದೇಶ ಬಂದಿತೆಂದಿಟ್ಟುಕೊಳ್ಳೋಣ. ಸಂದೇಶ ಬಂದ ದಿನವನ್ನು ಎಣಿಸುವುದಿಲ್ಲ. ಶನಿವಾರ, ಭಾನುವಾರ ರಜೆ. ಬೇರೆ ರಜೆಯಿಲ್ಲದಿದ್ದರೆ ಬುಧವಾರದೊಳಗೆ ತಿಳಿಸಿದವನಿಗೆ ಪೂರ್ಣ ಮೊತ್ತ ಸಲ್ಲಬೇಕು. ಶುಕ್ರವಾರ ತಿಳಿಸಿದರೆ 10,000 ರೂಪಾಯಿಯವರೆಗೆ ಅವನೇ ಹೊರಬೇಕಾಗಬಹುದು. ಎರಡು ದಿನಗಳ ವಿಳಂಬದ ಬೆಲೆ ಇಷ್ಟು.

ಒ.ಟಿ.ಪಿ. ಹೇಳಿ ತಪ್ಪು ಮಾಡಿದವನಿಗೂ ದೂರಿನಿಂದ ಪ್ರಯೋಜನವಿದೆ. 40,000 ರೂಪಾಯಿ ಹೋದೊಡನೆ ಅವನು ಬ್ಯಾಂಕಿಗೆ ತಿಳಿಸಿದ ಮೇಲೆಯೂ ಮತ್ತೆರಡು ಬಾರಿ ಹಣ ಹೋದರೆ, ಆ ಎರಡರ ಹೊಣೆ ಬ್ಯಾಂಕಿನದಾಗುತ್ತದೆ.

ಸುತ್ತೋಲೆಯ ಪ್ರಕಾರ ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು. 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ತಪ್ಪು ಖಾತೆದಾರನದೆಂದು ರುಜುವಾತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ಇಂತಹ ನಿಯಮಗಳನ್ನು ರಿಸರ್ವ್ ಬ್ಯಾಂಕು ಕಾಲಕಾಲಕ್ಕೆ ಪರಿಷ್ಕರಿಸುವುದರಿಂದ, ಪ್ರಸ್ತುತ ನೀತಿಯ ಪ್ರತಿಯನ್ನು ಶಾಖೆಯಲ್ಲಿ ಕೇಳಿ ಪಡೆಯುವುದು ಲೇಸು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೆದರಿಕೆಗೆ ಅಂಜಿ ಅಥವಾ ಹೆಚ್ಚಿನ ಲಾಭದ ಆಸೆಯಿಂದ ಖಾತೆದಾರನೇ ಸ್ವಹಸ್ತದಿಂದ ಕಳುಹಿಸಿದ ಹಣವನ್ನು ಅನುಮತಿಯಿಲ್ಲದ ವ್ಯವಹಾರವೆಂದು ಸಾಧಿಸುವುದು ಕಷ್ಟ. ಅಂತಹವರಿಗೆ 1930ಕ್ಕೆ ಮಾಡುವ ಶೀಘ್ರ ಕರೆಯೇ ಮುಖ್ಯ ಆಸರೆ. ಹಾಗೆಯೇ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆಯು ಬ್ಯಾಂಕು ಕುಸಿದಾಗ ಒದಗುವ ರಕ್ಷಣೆಯೇ ಹೊರತು ವಂಚನೆಗೆ ಪರಿಹಾರವಲ್ಲ.

ಬ್ಯಾಂಕಿನ ಉತ್ತರ ಸಮಾಧಾನಕರವಲ್ಲದಿದ್ದರೆ

ಲಿಖಿತ ದೂರು ನೀಡಿದ 30 ದಿನಗಳೊಳಗೆ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. 1995ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು 2021ರ ನವೆಂಬರ್ 12ರಂದು ಇಡೀ ದೇಶಕ್ಕೆ ಏಕೀಕೃತಗೊಳಿಸಲಾಯಿತು. ಖಾತೆ ಯಾವ ರಾಜ್ಯದಲ್ಲಿದೆಯೆಂದು ನೋಡುವ ಅಗತ್ಯ ಅಂದಿನಿಂದ ಇಲ್ಲವಾಯಿತು. ಅಂಚೆ ಮತ್ತು ಇ-ಮೇಲ್ ಮೂಲಕ ಯಾವುದೇ ಭಾಷೆಯಲ್ಲಿ ಬರುವ ದೂರುಗಳನ್ನು ಸ್ವೀಕರಿಸಲು ಚಂಡೀಗಢದಲ್ಲಿ ಕೇಂದ್ರವೊಂದನ್ನು ತೆರೆಯಲಾಯಿತು. ದೆಹಲಿಯಲ್ಲಿರುವ ಕನ್ನಡಿಗನೂ ತನ್ನ ಅಹವಾಲನ್ನು ಕನ್ನಡದಲ್ಲಿಯೇ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮುನ್ನೆಚ್ಚರಿಕೆಗಳು

ದಿನಬಳಕೆಯ ಹಣಕ್ಕೆ ಸಣ್ಣ ಖಾತೆಯೊಂದನ್ನು ಬೇರೆಯಾಗಿಟ್ಟು, ಯು.ಪಿ.ಐ. ಸೌಲಭ್ಯವನ್ನು ಅದಕ್ಕೆ ಮಾತ್ರ ಜೋಡಿಸುವುದು ಒಳ್ಳೆಯದು. ಜೀವಮಾನದ ಉಳಿತಾಯ ಇನ್ನೊಂದು ಖಾತೆಯಲ್ಲಿರಲಿ. ಕಾರ್ಡಿನ ಅಂತರ್ಜಾಲ ಬಳಕೆ ಮತ್ತು ವಿದೇಶಿ ಬಳಕೆಯನ್ನು ಬೇಡವಾದಾಗ ನಿಲ್ಲಿಸಿಡುವ, ಪ್ರತಿಯೊಂದಕ್ಕೂ ಮಿತಿ ಹಾಕುವ ಸೌಲಭ್ಯವನ್ನು ಬ್ಯಾಂಕುಗಳು ಒದಗಿಸುತ್ತವೆ. ಫೋನಿನಲ್ಲಿ ಸಿಗ್ನಲ್ ಇದ್ದಕ್ಕಿದ್ದಂತೆ ನಿಂತುಹೋಗಿ ಮರಳದಿದ್ದರೆ, ಬೇರೆಯವರು ಅದೇ ಸಂಖ್ಯೆಯ ಸಿಮ್ ಪಡೆದಿರಬಹುದೆಂದು ಸಂಶಯಿಸಿ ದೂರವಾಣಿ ಕಂಪನಿಯನ್ನೂ ಬ್ಯಾಂಕನ್ನೂ ವಿಚಾರಿಸಬೇಕು. ಬ್ಯಾಂಕುಗಳ ಅಧಿಕೃತ ಜಾಲತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಯಿಸುವಂತೆ ರಿಸರ್ವ್ ಬ್ಯಾಂಕು ಸೂಚಿಸಿತು. ವಿಳಾಸದ ಕೊನೆಯನ್ನು ಪರೀಕ್ಷಿಸುವ ರೂಢಿ ಒಳ್ಳೆಯದು.

ಸ್ವಂತ ಖಾತೆಯನ್ನು ಕಮಿಷನ್ ಆಸೆಗೆ ಬೇರೆಯವರ ಬಳಕೆಗೆ ಕೊಡಲೇಬಾರದು. ಕದ್ದ ಹಣ ಸಾಗುವುದು ಇಂತಹ ಖಾತೆಗಳ ಮೂಲಕವೇ. ಕೆಲಸ ಹುಡುಕಿಕೊಂಡು ಹೊಸದಾಗಿ ನಗರಕ್ಕೆ ಬಂದ ತರುಣರು ಈ ಬಲೆಗೆ ಬಿದ್ದು, ತನಿಖೆಯನ್ನು ತಾವೇ ಎದುರಿಸಬೇಕಾಗುತ್ತದೆ. ಕಳೆದ ಹಣವನ್ನು ಮರಳಿ ಕೊಡಿಸುವುದಾಗಿ ಶುಲ್ಕ ಕೇಳುವವರಿಂದಲೂ ದೂರವಿರಬೇಕು. ಅದು ಎರಡನೆಯ ವಂಚನೆ.

ನಾಚಿಕೆ ಬೇಡ

ವಂಚನೆಗೆ ಒಳಗಾದವರು ಮನೆಯವರ ಮಾತಿಗೆ ಹೆದರಿ, ನೆರೆಹೊರೆಯವರ ನಗೆಗೆ ಅಂಜಿ ಸುಮ್ಮನಿರುವುದು ಸಾಮಾನ್ಯ. ವಂಚಕನು ಬಯಸುವುದೂ ಆ ಮೌನವನ್ನೇ. ಓದು ಬಲ್ಲವರೂ, ಅಧಿಕಾರ ನಡೆಸಿದವರೂ ಇಂತಹ ಬಲೆಗೆ ಬಿದ್ದಿದ್ದಾರೆ. ಮನೆಯ ಹಿರಿಯರು ತಪ್ಪು ಹೇಳಿಕೊಂಡಾಗ ಅವರನ್ನು ಜರೆಯದೆ, ಮೊದಲು 1930ಕ್ಕೆ ಕರೆ ಮಾಡಿಸುವುದು ಕಿರಿಯರ ಕರ್ತವ್ಯ. ಈ ಸಂಖ್ಯೆಯನ್ನೂ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು, ಮನೆಯ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಡಬೇಕು. ಗಾಬರಿಯ ಸಮಯದಲ್ಲಿ ಹುಡುಕಾಡುವ ಕಾಲ ಅಷ್ಟರಮಟ್ಟಿಗೆ ಉಳಿಯುತ್ತದೆ.