ರದ್ದಿಗೆ ಹಾಕುವ ಮುನ್ನ

ಪರೀಕ್ಷೆಗಳು ಮುಗಿದು ರಜೆ ಬಂದೊಡನೆ ಕಪಾಟನ್ನು ಬರಿದುಮಾಡುವ ಕೆಲಸ ನಮ್ಮಲ್ಲಿ ಅನೇಕರಿಗೆ ಒದಗುತ್ತದೆ. ಹಳೆಯ ಕಡತಗಳನ್ನೆಲ್ಲ ಇಟ್ಟುಕೊಂಡರೆ ಬೇಕಾದ ಕಾಗದ ಬೇಕಾದಾಗ ಸಿಕ್ಕದು; ಎಲ್ಲವನ್ನೂ ರದ್ದಿಗೆ ಹಾಕಿದರೆ ಕಳೆದುದು ಮರಳಿ ಬಾರದು. ಹೀಗಿರುವಲ್ಲಿ ಯಾವುದನ್ನು ಎಸೆಯಬೇಕು, ಯಾವುದನ್ನು ಉಳಿಸಬೇಕು? ಭೌತವಿಜ್ಞಾನದ ಪ್ರಯೋಗಶಾಲೆ ಇದಕ್ಕೊಂದು ಉತ್ತರವನ್ನು ಕಲಿಸಬಲ್ಲುದು.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ವಿದ್ಯಾರ್ಥಿಗಳಾಗಿದ್ದಾಗ ನಾವು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆದೆವು. ಫಲಿತಾಂಶವನ್ನಷ್ಟೇ ಅಂದವಾಗಿ ಬರೆದಿಟ್ಟು, ಅಳತೆಗಳಿದ್ದ ಕರಡು ಹಾಳೆಗಳನ್ನು ಹರಿದೆಸೆದೆವು. 9.8 ಬರಬೇಕಾದಲ್ಲಿ ನಮಗೆ ಬಂದುದು 9.6. ತಪ್ಪಿದುದೆಲ್ಲಿ?

ಈ ಬೆಲೆಯು ಲೋಲಕದ ಉದ್ದಕ್ಕೆ ನೇರ ಅನುಪಾತದಲ್ಲಿಯೂ, ಆಂದೋಲನ ಕಾಲದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆಯಷ್ಟೆ. ದಾರದ ಉದ್ದ 98 ಸೆಂ.ಮೀ., ಗುಂಡಿನ ತ್ರಿಜ್ಯ 2 ಸೆಂ.ಮೀ. ಎಂದಿಟ್ಟುಕೊಳ್ಳೋಣ. ತ್ರಿಜ್ಯವನ್ನು ಕೂಡಿಸಲು ಮರೆತರೆ ಉದ್ದ ನೂರಕ್ಕೆ ಎರಡರಷ್ಟು ತಗ್ಗಿ ಉತ್ತರ 9.6 ಆಗುತ್ತದೆ. ಗಡಿಯಾರವು ನೂರಕ್ಕೆ ಒಂದರಷ್ಟು ಮುಂದೋಡಿದರೂ ಹೆಚ್ಚುಕಡಮೆ ಅದೇ 9.6! ಬೇರೆ ಬೇರೆ ಉದ್ದಗಳ ಅಳತೆಗಳು ಉಳಿದಿದ್ದರೆ, ಉದ್ದದೆದುರು ಕಾಲದ ವರ್ಗವನ್ನು ಗುರುತಿಸಿ ನಕ್ಷೆ ಎಳೆಯಬಹುದಿತ್ತು. ದೋಷ ಗಡಿಯಾರದ್ದಾದರೆ ರೇಖೆಯು ಮೂಲಬಿಂದುವಿನ ಮೂಲಕ ಹಾಯುತ್ತದೆ. ತ್ರಿಜ್ಯ ಬಿಟ್ಟುಹೋಗಿದ್ದರೆ ಉದ್ದದ ಅಕ್ಷವನ್ನು ಮೂಲಬಿಂದುವಿನ ಋಣದಿಕ್ಕಿನಲ್ಲಿ 2 ಸೆಂ.ಮೀ. ದೂರದಲ್ಲಿ ಕತ್ತರಿಸುತ್ತದೆ. ಬರಿಯ ಫಲಿತಾಂಶದಿಂದ ಇದು ತಿಳಿಯದು.

ಅಮೆರಿಕದ ವಿಜ್ಞಾನಿ ಮಿಲಿಕನ್ 1913ರಲ್ಲಿ, 58 ಎಣ್ಣೆಹನಿಗಳ ಅಳತೆಯಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಪ್ರಕಟಿಸಿದರು. ಒಂದು ಅವಧಿಯಲ್ಲಿ ಪರೀಕ್ಷಿಸಿದ ಎಲ್ಲ ಹನಿಗಳೂ ಇವೇ ಎಂದರು. ಅವರ ಟಿಪ್ಪಣಿ ಪುಸ್ತಕಗಳು ರದ್ದಿಗೆ ಹೋಗಲಿಲ್ಲ. 1978ರಲ್ಲಿ ಜೆರಾಲ್ಡ್ ಹೋಲ್ಟನ್ ಅವುಗಳ ಅಧ್ಯಯನವನ್ನು ಪ್ರಕಟಿಸಿದಾಗ, ಅವರು ಅಳೆದು ಕೈಬಿಟ್ಟ ಹನಿಗಳೂ ಇದ್ದುವೆಂಬುದು ಬೆಳಕಿಗೆ ಬಂತು. ಅವುಗಳನ್ನು ಸೇರಿಸಿದರೂ ಬೆಲೆಯು ಹೆಚ್ಚೇನೂ ಬದಲಾಗದೆಂದು ಅನಂತರದ ಪರಿಶೀಲನೆ ತೋರಿಸಿತು. ಆಕ್ಷೇಪಕ್ಕೂ ಸಮಾಧಾನಕ್ಕೂ ಆಧಾರವಾದುದು ಆ ಹಳೆಯ ಪುಸ್ತಕಗಳೇ.

ಆದುದರಿಂದ ನಿಯಮವಿಷ್ಟು: ಬೇರೊಂದರಿಂದ ಮತ್ತೆ ಪಡೆಯಬಹುದಾದುದನ್ನು ಎಸೆಯಬಹುದು, ಬೇರಾವುದರಿಂದಲೂ ಪಡೆಯಲಾಗದ ಮೂಲವನ್ನು ಉಳಿಸಬೇಕು. ಅಚ್ಚಾದ ಪುಸ್ತಕದಿಂದ ನಕಲು ಮಾಡಿದ ಟಿಪ್ಪಣಿ, ಹೆಚ್ಚುವರಿ ಪ್ರತಿಗಳು ಹೋಗಲಿ. ಜಮೀನಿನ ಪತ್ರ, ಅಂಕಪಟ್ಟಿ, ಹಿರಿಯರ ಕಾಗದ, ನೀವೇ ಮಾಡಿದ ಅಳತೆ ಇರಲಿ. ಎಸೆಯುವ ಹಾಳೆಯಲ್ಲಿ ಹೆಸರು, ಖಾತೆಯ ಸಂಖ್ಯೆಗಳಿದ್ದರೆ ಚೂರುಚೂರಾಗಿ ಹರಿಯಿರಿ.

ಉಳಿಸಿದುದನ್ನು ತಂಪಾದ, ಒಣಗಿದ, ಬಿಸಿಲು ತಾಕದ ಸ್ಥಳದಲ್ಲಿರಿಸಿ. ವೃತ್ತಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುವುದರಿಂದ ಅದು ಬೆಳಕು, ಗಾಳಿಗಳಿಂದ ಹಳದಿಯಾಗುತ್ತದೆ. ಅದರ ಆಮ್ಲವು ಸೋಂಕಿದ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆ. ಅಂಗಡಿಯ ನುಣುಪಾದ ರಸೀತಿಗಳಲ್ಲಿ ಹಲವು ಶಾಯಿಯಿಂದ ಅಚ್ಚಾದುವಲ್ಲ, ಶಾಖಕ್ಕೆ ಕಪ್ಪಾಗುವ ಲೇಪದಿಂದ ಮೂಡಿದುವು, ಕಾಲಕ್ರಮದಲ್ಲಿ ಮಾಸುತ್ತವೆ. ಬೇಕಾದುವಕ್ಕೆ ಇಂದೇ ಪ್ರತಿ ಮಾಡಿಸಿ.

ನಮ್ಮ ಆ 9.6ರ ಕಾರಣ ಇಂದಿಗೂ ನಮಗೆ ತಿಳಿದಿಲ್ಲ. ನಿಮ್ಮ ಕರಡು ಹಾಳೆಗಳನ್ನು ಹರಿಯುವ ಮುನ್ನ ಒಮ್ಮೆ ಓದಿ ನೋಡಿರಿ.