ಮಾರ್ಫಿನ್ ನೋವನ್ನು ಎಲ್ಲಿ ತಡೆಯುತ್ತದೆ?

ನಿಮ್ಮ ತಂದೆಯವರ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬರೆದುಕೊಟ್ಟರೆಂದ ಮಾತ್ರಕ್ಕೆ ಕೊನೆಗಾಲ ಬಂತೆಂದಲ್ಲ. ನೋವು ಜೋರಾಗಿದೆ, ಅಷ್ಟೆ. ಈ ಔಷಧಿ ಗಡ್ಡೆಯ ಗೋಜಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ನೋವಿನ ಸಂದೇಶ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಕೋಶಗಳ ಮೇಲಿನ ‘ಮ್ಯೂ’ ಎಂಬ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಆಗ ಈಚೆಯ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದು ತಗ್ಗಿ, ಸಂದೇಶ ಒಯ್ಯುವ ರಾಸಾಯನಿಕಗಳ ಬಿಡುಗಡೆ ಇಳಿಯುತ್ತದೆ. ಆಚೆಯ ಕೋಶದಿಂದ ಪೊಟ್ಯಾಸಿಯಂ ಹೊರಹೋಗಿ ಅದೂ ಮಂಕಾಗುತ್ತದೆ. ಮಾರ್ಫಿನ್ ಮಿದುಳಿನಲ್ಲೂ ಕೆಲಸ ಮಾಡುವುದರಿಂದಲೇ ಕೆಲವರು ‘ನೋವಿದೆ, ಆದರೆ ಕಾಡುತ್ತಿಲ್ಲ’ ಎನ್ನುವುದು. ಅದೇ ಗ್ರಾಹಕಗಳು ಕರುಳಿನಲ್ಲೂ ಇವೆ, ಹಾಗಾಗಿ ಮಲಬದ್ಧತೆ ಹೆಚ್ಚುಕಡಿಮೆ ಗ್ಯಾರಂಟಿ. ಮಲ ಸಡಿಲಿಸುವ ಔಷಧಿಯನ್ನು ವೈದ್ಯರಿಂದ ಈಗಲೇ ಕೇಳಿ ಬರೆಸಿಕೊಳ್ಳಿ. ಡೋಸನ್ನು ನೀವಾಗಿಯೇ ಏರಿಸಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ. ಉಸಿರಾಟ ತೀರಾ ನಿಧಾನವಾದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.