ಟ್ರೇಲರಿಗೆ ತಕ್ಕ ಟ್ರಾಕ್ಟರು: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಎತ್ತು ಕೊಳ್ಳುವಾಗ ನಮ್ಮ ಹಿರಿಯರು ಬರಿಯ ಕೊಂಬು, ಬಣ್ಣ ನೋಡಿ ಸಂಚಕಾರ ಕೊಡುತ್ತಿರಲಿಲ್ಲ. ಹೆಗಲು, ಗೊರಸು, ನಡೆ ನೋಡುತ್ತಿದ್ದರು. ತುಂಬಿದ ಬಂಡಿಗೆ ಹೂಡಿ ಏರು ಹತ್ತಿಸುತ್ತಿದ್ದರು. ಇಳಿಜಾರಿನಲ್ಲಿ ಬಂಡಿ ಮೇಲೆ ಬಂದಾಗ ಎತ್ತು ಅದನ್ನು ತಡೆದು ನಿಲ್ಲುವುದೋ ಇಲ್ಲವೋ ಎಂಬುದೇ ಕೊನೆಯ ಪರೀಕ್ಷೆ.

ಈಗ ಸೋಲಾಪುರ, ಅಕ್ಕಲಕೋಟ, ಜತ್ತ ಕಡೆಯ ನಮ್ಮವರು ಕಬ್ಬು ಸಾಗಿಸಲು ಸಾಲ ಮಾಡಿ ಟ್ರಾಕ್ಟರು ಕೊಳ್ಳುತ್ತಾರೆ. ಆದರೆ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: "ಎಷ್ಟು ಎಚ್.ಪಿ.?" ಟ್ರೇಲರು ಎಳೆಯುವ ಕೆಲಸದಲ್ಲಿ ಅಶ್ವಶಕ್ತಿಯು ಮೂರನೆಯ ಮಾತು. ಮೊದಲನೆಯದು ತಡೆ, ಎರಡನೆಯದು ಹಿಡಿತ. ಇದು ಹೇಗೆಂಬುದನ್ನು ಲೆಕ್ಕದಿಂದ ತಿಳಿಯೋಣ.

1. ಎಳೆತ

50 ಅಶ್ವಶಕ್ತಿಯ ಒಂದು ಟ್ರಾಕ್ಟರು ಇದೆಯೆನ್ನೋಣ. ಅದರ ಸ್ವಂತ ತೂಕ 2 ಟನ್ನು. ಟ್ರೇಲರಿನ ತೂಕ 2 ಟನ್ನು, ಹೇರಿದ ಕಬ್ಬು 8 ಟನ್ನು. ಒಟ್ಟು 12 ಟನ್ನು.

ಡಾಂಬರಿನ ಸಮತಟ್ಟು ರಸ್ತೆಯಲ್ಲಿ ಒಂದು ಟನ್ನನ್ನು ಉರುಳಿಸಲು ಸುಮಾರು 20 ಕಿಲೋ ಎಳೆತ ಸಾಕು. ಅಂದರೆ ರಾಟೆಯ ಮೇಲಿನ ಹಗ್ಗದಿಂದ 20 ಕಿಲೋ ತೂಕವನ್ನು ಎತ್ತಲು ಬೇಕಾಗುವಷ್ಟು ಬಲ. 12 ಟನ್ನಿಗೆ 240 ಕಿಲೋ ಆಯಿತು.

ಇನ್ನು ಏರು. 20 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ರಸ್ತೆಯಲ್ಲಿ ಪ್ರತಿ ಟನ್ನಿಗೆ 50 ಕಿಲೋ ಹೆಚ್ಚಿನ ಎಳೆತ ಬೇಕು. 12 ಟನ್ನಿಗೆ 600 ಕಿಲೋ. ಎರಡನ್ನೂ ಕೂಡಿಸಿದರೆ 840 ಕಿಲೋ.

ಎಳೆತದ ಕಿಲೋವನ್ನು ಗಂಟೆಯ ಕಿಲೋಮೀಟರಿನಿಂದ ಗುಣಿಸಿ 270ರಿಂದ ಭಾಗಿಸಿದರೆ ಗಾಲಿಗೆ ಬೇಕಾದ ಅಶ್ವಶಕ್ತಿ ಸಿಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಈ ಏರು ಹತ್ತಲು ಸುಮಾರು 31 ಅಶ್ವಶಕ್ತಿ ಸಾಕು. ನಡುವೆ ಗೇರುಗಳಲ್ಲಿ ಸ್ವಲ್ಪ ಶಕ್ತಿ ನಷ್ಟವಾದರೂ 50ರ ಎಂಜಿನ್ನಿಗೆ ಇದು ಭಾರವಲ್ಲ. ಹಾಗಾದರೆ ತೊಡಕು ಎಲ್ಲಿದೆ?

2. ಹಿಡಿತ

ಎಂಜಿನ್ನು ಎಷ್ಟು ಬಲ ಕೊಟ್ಟರೂ ಗಾಲಿ ನೆಲವನ್ನು ಹಿಡಿಯದಿದ್ದರೆ ಅದು ಇದ್ದಲ್ಲಿಯೇ ತಿರುಗುತ್ತದೆ. ಸಾಮಾನ್ಯ ಟ್ರಾಕ್ಟರಿನಲ್ಲಿ ಎಳೆಯುವುದು ಹಿಂದಿನ ಎರಡು ಗಾಲಿಗಳು ಮಾತ್ರ. 2 ಟನ್ನಿನ ಟ್ರಾಕ್ಟರಿನಲ್ಲಿ ಅವುಗಳ ಮೇಲೆ ಬೀಳುವ ಭಾರ ಸುಮಾರು 1,300 ಕಿಲೋ. ಒಣ ಡಾಂಬರಿನ ಮೇಲೆ ಈ ಭಾರದ ಹತ್ತರಲ್ಲಿ ಏಳು ಪಾಲಿನಷ್ಟು, ಎಂದರೆ ಸುಮಾರು 900 ಕಿಲೋ ಹಿಡಿತ ದೊರೆಯುತ್ತದೆ. ನಮಗೆ ಬೇಕಾದದ್ದು 840. ಒಂದು ಟ್ರೇಲರಿಗೇ ಟ್ರಾಕ್ಟರು ತನ್ನ ಮೇರೆಯನ್ನು ಮುಟ್ಟಿತು.

ಇದೇ ಟ್ರಾಕ್ಟರಿಗೆ ಅಷ್ಟೇ ಭಾರದ ಎರಡನೆಯ ಟ್ರೇಲರನ್ನು ಕಟ್ಟಿದರೆ ಒಟ್ಟು 22 ಟನ್ನು. ಬೇಕಾಗುವ ಎಳೆತ 1,540 ಕಿಲೋ. ಟ್ರಾಕ್ಟರಿನ ತೂಕವೆಲ್ಲ ಹಿಂದಿನ ಗಾಲಿಗಳ ಮೇಲೆಯೇ ಕುಳಿತರೂ ಅಷ್ಟು ಹಿಡಿತ ಬಾರದು. ಗಾಲಿ ಜಾರುತ್ತದೆ, ಮೂತಿ ಮೇಲೇಳುತ್ತದೆ, ಟ್ರೇಲರುಗಳು ಹಿಂದಕ್ಕೆ ಎಳೆಯುತ್ತವೆ.

ಎರೆಯ ಹೊಲದಲ್ಲಿ ಸ್ಥಿತಿ ಇನ್ನೂ ಕಠಿಣ. ಮೆತ್ತಗಿನ ನೆಲದಲ್ಲಿ ಟನ್ನಿಗೆ 100 ಕಿಲೋ ಎಳೆತ ಬೇಕಾಗುತ್ತದೆ. ಹಿಡಿತವಾದರೋ 600 ಕಿಲೋಗೆ ಇಳಿಯುತ್ತದೆ. ಆಗ ಟ್ರಾಕ್ಟರು, ಟ್ರೇಲರು ಸೇರಿ 6 ಟನ್ನು, ಅಂದರೆ 2 ಟನ್ನು ಕಬ್ಬು ಮಾತ್ರ ಹೊರಬಂದೀತು. ಹೊಲದಲ್ಲಿ ಸ್ವಲ್ಪವೇ ಹೇರಿ, ಗಟ್ಟಿ ದಾರಿಗೆ ಬಂದ ಮೇಲೆ ಉಳಿದದ್ದನ್ನು ಹೇರುವ ಪದ್ಧತಿ ಜಾಣತನದ್ದು.

ಆದುದರಿಂದ ಒಂದೇ ಅಶ್ವಶಕ್ತಿಯ ಎರಡು ಟ್ರಾಕ್ಟರುಗಳಿದ್ದರೆ ಸಾಗಾಣಿಕೆಗೆ ಹೆಚ್ಚು ತೂಕದ್ದೇ ಲೇಸು. ಆದರೆ ಭಾರದ ಟ್ರಾಕ್ಟರು ಹಸಿ ಎರೆಯನ್ನು ತುಳಿದು ಗಟ್ಟಿ ಮಾಡುತ್ತದೆ. ಉಳುಮೆಯೂ ಅದರಿಂದಲೇ ಆಗಬೇಕಾದರೆ ಕಬ್ಬಿನ ಹಂಗಾಮಿನಲ್ಲಿ ಗಾಲಿಗೆ ಕಬ್ಬಿಣದ ತೂಕ ಹಾಕಿಸಿ, ಉಳುಮೆಯ ಕಾಲಕ್ಕೆ ಕಳಚಿಡಬಹುದು. ನಾಲ್ಕೂ ಗಾಲಿಗಳಿಂದ ಎಳೆಯುವ ಟ್ರಾಕ್ಟರಿನಲ್ಲಿ ಇಡೀ ತೂಕ ಹಿಡಿತಕ್ಕೆ ಬರುತ್ತದೆ. ಬೆಲೆ ಮಾತ್ರ ಹೆಚ್ಚು.

3. ತಡೆ

ಏರು ಹತ್ತದಿದ್ದರೆ ಬಂಡಿ ನಿಂತೀತು. ಇಳಿಜಾರಿನಲ್ಲಿ ತಡೆಯದಿದ್ದರೆ ಪ್ರಾಣವೇ ಹೋದೀತು. ನಮ್ಮ ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. 12 ಟನ್ನನ್ನು ನಿಲ್ಲಿಸುವ ಹೊಣೆಯೆಲ್ಲ ಟ್ರಾಕ್ಟರಿನ ಹಿಂದಿನ ಎರಡು ಗಾಲಿಗಳದು. ಅವು ಕೊಡಬಲ್ಲ ತಡೆ ಅದೇ 900 ಕಿಲೋ.

ಅದೇ ಇಳಿಜಾರಿನಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತ ಬ್ರೇಕು ತುಳಿದರೆ ಒಂದು ಟ್ರೇಲರಿನ ಬಂಡಿ ನಿಲ್ಲಲು ಸುಮಾರು 35 ಮೀಟರ್ ಬೇಕು. ಎರಡು ಟ್ರೇಲರು ಕಟ್ಟಿದ್ದರೆ 140 ಮೀಟರಿಗೂ ಹೆಚ್ಚು. ಹೇರು ಇಮ್ಮಡಿಯಾದರೆ ನಿಲ್ಲುವ ದೂರ ಇಮ್ಮಡಿಯಾಗಲಿಲ್ಲ, ನಾಲ್ಕು ಪಟ್ಟಾಯಿತು! ವೇಗ 30 ಆದರೆ ಒಂದೇ ಟ್ರೇಲರಿಗೂ 80 ಮೀಟರಿನಷ್ಟು ಬೇಕು. ಇದು ಒಣ ರಸ್ತೆಯ, ಒಳ್ಳೆಯ ಬ್ರೇಕಿನ ಲೆಕ್ಕ. ಬೆಲ್ಲದ ನೀರಿನಂತೆ ಕೆಸರು ಹರಡಿದ ರಸ್ತೆಯಲ್ಲಿ ದೂರ ಇನ್ನೂ ಬೆಳೆಯುತ್ತದೆ. ತಿರುವಿನಲ್ಲಾದರೆ ಹಿಂದಿನ ಟ್ರೇಲರು ಟ್ರಾಕ್ಟರನ್ನು ಅಡ್ಡಕ್ಕೆ ನೂಕಿ ಮಡಚುಗತ್ತಿಯಂತೆ ಮಡಚಿಬಿಡುತ್ತದೆ.

ಇದಕ್ಕೆ ಉಪಾಯಗಳು ನಾಲ್ಕು:

(ಅ) ಟ್ರೇಲರು ಮಾಡಿಸುವಾಗಲೇ ಅದರ ಗಾಲಿಗಳಿಗೂ ಬ್ರೇಕು ಹಾಕಿಸಬೇಕು. ಬಣ್ಣಕ್ಕೆ, ಚಿತ್ರಕ್ಕೆ ಸುರಿಯುವ ಹಣ ಇದಕ್ಕೆ ಬರಲಿ.

(ಆ) ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿನ ಟ್ರಾಕ್ಟರನ್ನು ಆರಿಸಬೇಕು. ಅದಕ್ಕೆ ಧೂಳು, ನೀರು ತಾಕದು, ಬೇಗ ಸವೆಯದು.

(ಇ) ಹೊಲದಲ್ಲಿ ತಿರುಗಿಸಲೆಂದು ಬಿಡಿಯಾಗಿರುವ ಎಡಬಲದ ಬ್ರೇಕಿನ ತುಳಿಗೆಗಳನ್ನು ರಸ್ತೆಗೆ ಬರುವ ಮುನ್ನ ಕೊಂಡಿ ಹಾಕಿ ಜೋಡಿಸಬೇಕು. ಒಂದೇ ಕಡೆ ಬ್ರೇಕು ಹಿಡಿದರೆ ಬಂಡಿ ಉರುಳುತ್ತದೆ.

(ಈ) ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಎಣ್ಣೆ ಉಳಿಸಲೆಂದು ಗೇರು ತೆಗೆದು ಇಳಿಯುವುದು ಮೃತ್ಯುವನ್ನು ಕರೆದಂತೆ.

ತಾಳವಾಡಿ ಕಡೆಯ ಬಾಂಧವರಿಗೆ ಒಂದು ಮಾತು. ದಿಂಬಂ ಘಾಟಿಯಂತಹ 27 ಕಡಿದಾದ ತಿರುವುಗಳ ದಾರಿ ತುಂಬಿದ ಟ್ರೇಲರಿಗೆ ತಕ್ಕುದಲ್ಲ. ಅಲ್ಲಿ ಎಲ್ಲ ಗಾಲಿಗಳಿಗೂ ಬ್ರೇಕಿರುವ ಲಾರಿಗೆ ಬಾಡಿಗೆ ಕೊಡುವುದೇ ಉಳಿತಾಯ.

4. ಕೊಂಡಿ ಮತ್ತು ಹೇರು

ಟ್ರೇಲರನ್ನು ಕೆಳಗಿನ ಕೊಂಡಿಗೆ ಮಾತ್ರ ಸಿಕ್ಕಿಸಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೆ ಟ್ರಾಕ್ಟರು ಮೂತಿ ಎತ್ತಿ ಚಾಲಕನ ಮೇಲೆಯೇ ಮಗುಚಬಹುದು. ಚುಕ್ಕಾಣಿ ಕೇಳಬೇಕಾದರೆ ಟ್ರಾಕ್ಟರಿನ ತೂಕದ ಐದರಲ್ಲೊಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಉಳಿದಿರಬೇಕು. ಮುಂಭಾಗ ಹಗುರವಾಗುತ್ತಿದ್ದರೆ ಅಲ್ಲಿ ತೂಕ ಕಟ್ಟಿಸಿರಿ.

ಎರಡು ಗಾಲಿಯ ಟ್ರೇಲರಿನಲ್ಲಿ ಹೇರುವ ಕ್ರಮ ಬಂಡಿಯದೇ. ಹಿಂಭಾರವಾದರೆ ನೊಗ ಮೇಲೇಳುವಂತೆ ಇಲ್ಲಿ ಕೊಂಡಿ ಮೇಲೆದ್ದು ಟ್ರಾಕ್ಟರಿನ ಹಿಡಿತವನ್ನು ಕಸಿಯುತ್ತದೆ. ತೀರ ಮುಂಭಾರವಾದರೆ ಟ್ರಾಕ್ಟರಿನ ಮೂತಿ ಏಳುತ್ತದೆ. ಸ್ವಲ್ಪವೇ ಮುಂಭಾರ ಇರುವಂತೆ ಹೇರಬೇಕು.

5. ಅಂಗಡಿಗೆ ಹೋಗುವ ಮುನ್ನ

ಹೊಲದಿಂದ ಕಾರಖಾನೆಯವರೆಗಿನ ದಾರಿಯಲ್ಲಿ ಅತಿ ಕಡಿದಾದ ಏರು ಯಾವುದೆಂದು ನೋಡಿ, ಗೌಂಡಿಯವರ ನೀರಿನ ಕೊಳವೆಯಿಂದ ಅಳೆಯಿರಿ. ದಾರಿಯೆಲ್ಲ ಸಪಾಟಾಗಿದ್ದು ಒಂದೇ ದಿಬ್ಬ ಇದ್ದರೂ ಲೆಕ್ಕ ಮಾಡಬೇಕಾದದ್ದು ಆ ದಿಬ್ಬಕ್ಕೇ.

ಅಂಗಡಿಯಲ್ಲಿ ಕೇಳಬೇಕಾದವು: ಟ್ರಾಕ್ಟರಿನ ತೂಕವೆಷ್ಟು? ಹಿಂದಿನ ಗಾಲಿಗಳ ಮೇಲೆ ಎಷ್ಟು? ಕೊಂಡಿಯಲ್ಲಿ ಅತಿ ಹೆಚ್ಚಿನ ಎಳೆತವೆಷ್ಟು? ಬ್ರೇಕು ಯಾವ ಬಗೆಯದು? ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯೊಂದು ಟ್ರಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ನಿಮಗೆ ತೋರಿಸುತ್ತಿರುವ ಟ್ರಾಕ್ಟರಿನ ವರದಿಯನ್ನು ಕೇಳಿ ನೋಡಿರಿ. ರಾಯದುರ್ಗ, ಮಡಕಶಿರಾ ಕಡೆಯವರಿಗೆ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ ಇಂತಹದೇ ಸಂಸ್ಥೆಯಿದೆ. ಅಲ್ಲಿ ಕೃಷಿಯಂತ್ರಗಳ ತರಬೇತಿಯೂ ದೊರೆಯುತ್ತದೆ.

ಟ್ರಾಕ್ಟರಿನಂತೆ ಟ್ರೇಲರಿಗೂ ನೋಂದಣಿ, ವಿಮೆ ಇರಲಿ. ಸ್ವಂತ ಒಕ್ಕಲುತನಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಓಡಿಸಿದರೆ ಅಪಘಾತದ ದಿನ ಪರಿಹಾರಕ್ಕೆ ತಕರಾರು ಬರುತ್ತದೆ. ಕಾಗದಗಳು ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದರೆ ಓದಬಲ್ಲವರಿಂದ ಪೂರ್ತಿ ಓದಿಸಿಕೊಂಡೇ ಸಹಿ ಮಾಡಿರಿ. ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಆಳುಮಕ್ಕಳನ್ನು ಕೂಡಿಸಬೇಡಿರಿ. ಇರುಳು ಸಾಗಿಸುವಾಗ ಟ್ರೇಲರಿನ ಹಿಂದೆ ಕೆಂಪು ದೀಪವೂ ಬೆಳಕಿಗೆ ಹೊಳೆಯುವ ಪಟ್ಟಿಯೂ ಇರಲೇಬೇಕು.

ಸಾರಾಂಶವಿಷ್ಟೇ: ಟ್ರಾಕ್ಟರು ಎಷ್ಟು ಎಳೆಯಬಲ್ಲದು ಎಂಬುದರ ಮೇಲೆ ಹೇರನ್ನು ನಿರ್ಧರಿಸಬೇಡಿರಿ, ನಿಮ್ಮ ದಾರಿಯ ಕಡಿದಾದ ಇಳಿಜಾರಿನಲ್ಲಿ ಎಷ್ಟನ್ನು ನಿಲ್ಲಿಸಬಲ್ಲದು ಎಂಬುದರ ಮೇಲೆ ನಿರ್ಧರಿಸಿರಿ. ಒಂದು ಖೇಪು ಹೆಚ್ಚಾದರೆ ಖರ್ಚಾಗುವುದು ಕೆಲವು ಲೀಟರ್ ಡೀಸೆಲು ಮಾತ್ರ.